ಕೆಂಪು ದಾರದ ಸೌಟು

ಮಾರ್ಚ್ 3, ಬೆಳಿಗ್ಗೆ

ಬೆಂಕಿ ಆರಿಸುವ ಲಾರಿಯ ಟ್ಯಾಂಕ್ ತುಂಬಿಸಿದ್ದಾಯಿತು, ಏಣಿ ಒರೆಸಿದ್ದಾಯಿತು. ಠಾಣೆಯಲ್ಲಿ ಎಲ್ಲರೂ ಬ್ರೆಡ್ ಮೆಲ್ಲುತ್ತಿದ್ದಾರೆ. ನನಗೆ ಬೇಯಿಸಿದ ಆಲೂಗಡ್ಡೆ. ಗೋಧಿ ಹೊಟ್ಟೆಗೆ ಬಿದ್ದರೆ ಕರುಳು ಕೆಡುವ ಕಾಯಿಲೆಯಂತೆ. ಡಾಕ್ಟರಮ್ಮ ಹೇಳಿದ್ದು — ಜೀವಮಾನವಿಡೀ ಒಂದು ಚೂರೂ ಕೂಡದು. ಸರಿ, ಕೂಡದು. ಅಳುತ್ತ ಕೂರುವವಳಲ್ಲ ನಾನು.

ಗಾಯದ ಮೇಲೆ ಬರೆ ಎಂಬಂತೆ ಸಾಹೇಬರು ಬೇರೆ. ಏಪ್ರಿಲ್ ಕೊನೆಗೆ ತೂಕದ ತಪಾಸಣೆ. ಅಷ್ಟರಲ್ಲಿ ಐದು ಕಿಲೋ ಇಳಿಯದಿದ್ದರೆ ಲಾರಿಯಿಂದ ಇಳಿಸಿ ಆಫೀಸಿಗೆ ಹಾಕುತ್ತಾರಂತೆ. ಫೋನ್ ಎತ್ತುವ ಕೆಲಸ. "ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೊಳ್ಳೋದು, ಏನು ಕಷ್ಟ?" ಅಂದರು. ಆ ಫ್ಯಾನ್ ಅವರೇ ಇಟ್ಟುಕೊಳ್ಳಲಿ.

ಮಾರ್ಚ್ 16

ಇಳಿದಿಲ್ಲ. ಏರಿದೆ! ಒಂದೂವರೆ ಕಿಲೋ...

ಗ್ಲುಟನ್-ಫ್ರೀ ಬಿಸ್ಕೆಟ್ ಮಾಡಿದ ಕೆಲಸ. ಗೋಧಿ ಇಲ್ಲವಲ್ಲ ಎಂದು ಪ್ಯಾಕೆಟ್‌ಗಟ್ಟಲೆ ಮುಗಿಸಿದೆ. ಒಳಗೆಲ್ಲ ಸಕ್ಕರೆ, ಬೆಣ್ಣೆ. ಅಮ್ಮ ನಕ್ಕಿದ್ದೇ ನಕ್ಕಿದ್ದು. "ಪಥ್ಯ ಮಾಡಿ ದಪ್ಪ ಆದವಳು ನೀನೊಬ್ಳೇ ಕಣೇ." ಡಾಕ್ಟರಮ್ಮನ ಸಮಾಧಾನ ಇನ್ನೂ ಚೆಂದ: "ಕರುಳು ಗುಣವಾಗ್ತಿದೆ, ತಿಂದಿದ್ದು ಈಗ ಮೈಗೆ ಹತ್ತುತ್ತೆ." ಇಷ್ಟು ವರ್ಷ ಹತ್ತದ್ದು ಈಗಲೇ ಹತ್ತಬೇಕೆ?

ಬಿಸ್ಕೆಟ್ ಡಬ್ಬಿ ಅಮ್ಮನ ವಶ. ಇನ್ನು ಮೊಟ್ಟೆ, ತರಕಾರಿ, ಹಿಡಿ ಅನ್ನ. ಸಂಜೆ ಪೈಪು ಹೆಗಲಿಗೇರಿಸಿ ಮೆಟ್ಟಿಲು ಹತ್ತುವುದು.

ಏಪ್ರಿಲ್ 2, ಮಧ್ಯಾಹ್ನ

ಇಳಿಯುತ್ತಿದೆ. ಪ್ಯಾಂಟಿಗೆ ಬೆಲ್ಟ್ ಬೇಕಾಗಿದೆ.

ಠಾಣೆಯಲ್ಲಿ ಪಾಳಿಗೊಬ್ಬರು ಬೇಯಿಸುವುದು, ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣುವುದು. ಇಂದು ಮೀಸೆಯ ಸರದಿ — ದಪ್ಪ ಮೀಸೆಯ ಹುಡುಗ, ಠಾಣೆಯಲ್ಲಿ ಅವನ ಹೆಸರೇ ಅದು. ನಾನು ಹತ್ತುವಾಗ ಕೆಳಗೆ ಏಣಿ ಹಿಡಿಯುವವನು ಅವನೇ. ನನಗೆಂದೇ ಪುಟ್ಟ ಪಾತ್ರೆಯಲ್ಲಿ ಬೇರೆ ಸೂಪ್ ಇಟ್ಟಿದ್ದಾನೆ. ತುಂಬಾ ಖುಷಿಯಾಯಿತು.

ಏಪ್ರಿಲ್ 6

ಹಾಸಿಗೆ ಬಿಟ್ಟು ಎದ್ದದ್ದು ಇಂದೇ. ಹೊಟ್ಟೆ ಹಿಂಡಿ ಹಿಪ್ಪೆಯಾಯಿತು.

ಆದದ್ದಿಷ್ಟು. ಅಂದು ಅಡುಗೆ ನಡುವೆ ಬೆಂಕಿ ಕರೆಯ ಗಂಟೆ ಹೊಡೆಯಿತು. ಒಲೆ ಆರಿಸಿ, ಸೌಟು ಬಿಟ್ಟು ಓಡಿದೆವು. ವಾಪಸು ಬಂದ ಮೀಸೆ, ಮೈದಾ ಹಾಕಿದ ದೊಡ್ಡ ಪಾತ್ರೆಯ ಸೌಟನ್ನೇ ನನ್ನ ಸೂಪಿಗೂ ಅದ್ದಿದ್ದ.

ಮನೆಗೆ ಬಂದು ಬಾಗಿಲಲ್ಲೇ ನಿಂತ. "ಒಂದು ಸೌಟಿಗೆ ಇಷ್ಟೆಲ್ಲ ಆಗತ್ತೆ ಅಂತ ಗೊತ್ತಿರ್ಲಿಲ್ಲ ಅಕ್ಕ."

"ಈಗ ಗೊತ್ತಾಯ್ತಲ್ಲ. ಒಳಗೆ ಬಾ."

ಅಮ್ಮ ಅವನಿಗೆ ನನ್ನ ಬಿಸ್ಕೆಟ್ ಕೊಟ್ಟಳು. ನನ್ನೆದುರಿಗೇ.

ಸಾಹೇಬರ ಫೋನೂ ಬಂತು. "ಠಾಣೆ ಊಟ ಆಗಿಬರಲ್ಲ ಅಂದ್ಮೇಲೆ ಆಫೀಸೇ ವಾಸಿ ಅಲ್ವೇನಮ್ಮ?"

"ಊಟ ಆಗಿಬರಲ್ಲ ಸರ್, ಏಣಿ ಆಗಿಬರತ್ತೆ," ಅಂದೆ. ನನ್ನ ಪಾತ್ರೆಗೆಂದೇ ಹೊಸ ಸೌಟು ತರಿಸಿ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ನಾಳೆ ಡ್ಯೂಟಿಗೆ ಹೋಗುವುದೇ.

ಏಪ್ರಿಲ್ 28

ತಪಾಸಣೆ. ನಾಲ್ಕು ಇಳಿದಿದೆ, ಇನ್ನೂ ಒಂದು ಕಿಲೋ ಜಾಸ್ತಿ. ಸಾಹೇಬರು ಪೆನ್ನು ತೆಗೆದರು.

"ಸರ್, ತೂಕದ ಮಿಷನ್ ಏಣಿ ಹತ್ತಲ್ಲ. ಹತ್ತೋಳು ನಾನು. ನೋಡಿ, ಆಮೇಲೆ ಬರೀರಿ."

ಪೈಪು ಹೊತ್ತು ಹತ್ತಿದೆ. ಕೆಳಗೆ ಮೀಸೆ. ಮೂರನೇ ಮಹಡಿಯಿಂದ ಕಂಡದ್ದು ಸಾಹೇಬರ ಬೋಳುತಲೆ ಮಾತ್ರ. ಇಳಿದಾಗ ಪೆನ್ನು ಜೇಬಿಗೆ ಹೋಗಿತ್ತು.

"ಲಾರಿಯಲ್ಲೇ ಇರಿ. ಆ ಒಂದು ಕಿಲೋ ಮುಂದಿನ ತಿಂಗಳು ಕಾಣಬಾರ್ದು."

ಏಪ್ರಿಲ್ 29, ಮಧ್ಯಾಹ್ನ

ಒಲೆಯ ಮೇಲೆ ದೊಡ್ಡ ಪಾತ್ರೆಯೊಂದೇ. ಅದರೊಳಗೆ ಕೆಂಪು ದಾರದ ಸೌಟು.

"ನನ್ನ ಸೌಟು ಅದ್ರಲ್ಲಿ ಯಾಕೋ?"

"ಮೈದಾ ಡಬ್ಬಿ ಠಾಣೆ ಬಿಟ್ಟು ಹೋಯ್ತು ಅಕ್ಕ. ಇನ್ಮೇಲೆ ಎಲ್ರಿಗೂ ನಿಮ್ಮ ಪಥ್ಯಾನೇ."

"ನನಗೋಸ್ಕರ ಯಾರೂ ಬಾಯಿ ಕಟ್ಟಬೇಕಾಗಿಲ್ಲ."

"ನಿಮಗೋಸ್ಕರ ಅಂತ ಯಾರಂದ್ರು? ಎರಡೆರಡು ಪಾತ್ರೆ ತಿಕ್ಕೋರ್ಯಾರು?"

ಬಡಿಸಿಕೊಂಡು ಕೂತಿದ್ದೇನೆ. ಉಪ್ಪು ಕಮ್ಮಿ, ಬಾಯಿಗಿಡುವಂತಿಲ್ಲ, ಆದರೂ —

ಗಂಟೆ. ಬಂದು ತಿನ್ನುತ್ತೇನೆ. ಅಷ್ಟರಲ್ಲಿ ಆ ಸೌಟನ್ನು ಯಾರಾದರೂ ಮುಟ್ಟಿದರೆ —