ಫಕೀರವ್ವ ಬರೂ ವಾರ ಮತ್ತ ಹಾಡ್ತಾಳ

ಕಲ್ಲಹೊಳಿ, ಫೆಬ್ರವರಿ ಮೂವತ್ತು, ೨೨೯೧

ಬಹಳ ಹಿಂದೆ ಬದುಕಿರುವವರೇ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ನಾವು ಎರಡು ದಿನ ಕೂಡಿಸಿದ್ದೇವೆ. ಅದರಿಂದ ಯಾರಿಗೂ ಏನೂ ಲಾಭವಾಗಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಈ ಊರಿನ ಬಾನುಲಿಯ ಟೇಪುಗಳಿಂದ. ಆಡಿ ನೋಡಲು ಜೊತೆಗೆ ಯಾರೂ ಇರಲಿಲ್ಲ.

ನಾನು ಕಲ್ಲಹೊಳಿಯ ದನಿಗೂಡನ್ನು, ಅಂದರೆ ಹಳೆಯ ಸದ್ದುಗಳನ್ನು ಕೂಡಿಟ್ಟ ಮನೆಯನ್ನು, ನೋಡಿಕೊಳ್ಳುವವಳು. ಇಲ್ಲಿಗೆ ಯಾರೂ ಬರುವುದಿಲ್ಲ. ಎಲ್ಲರಿಗೂ ಒಳಗಿವಿ ಇದೆ: ಕಿವಿಯ ಹಿಂದೆ ಕೂರಿಸುವ, ಜೋಳದ ಕಾಳಿನಷ್ಟು ಯಂತ್ರ. ಅವರವರ ಮನಸ್ಸಿಗೆ ತಕ್ಕ ಸಂಗೀತವನ್ನು ಅದು ಆಗಿಂದಾಗಲೇ ಹುಟ್ಟಿಸಿ, ಅವರೊಬ್ಬರಿಗೇ ಕೇಳಿಸಿ, ಮರೆತುಬಿಡುತ್ತದೆ. ಸಂಜೆ ಊಟದ ಚಾವಡಿಯಲ್ಲಿ ಒಟ್ಟಿಗೆ ಕೂತು ರೊಟ್ಟಿ ಮುರಿಯುತ್ತೇವೆ. ಒಬ್ಬೊಬ್ಬರ ತಲೆ ಒಂದೊಂದು ತಾಳಕ್ಕೆ ಆಡುತ್ತಿರುತ್ತದೆ. ಏನು ಕೇಳುತ್ತಿದ್ದೀರಿ ಎಂದು ಪಕ್ಕದವರನ್ನು ವಿಚಾರಿಸುವುದು ಅಸಭ್ಯ. ನಾನೊಮ್ಮೆ ವಿಚಾರಿಸಿದೆ. ಆಕೆ ಎದ್ದು ಬೇರೆ ಸಾಲಿಗೆ ಹೋಗಿ ಕೂತಳು.

ನಿಮ್ಮ ಬಾನುಲಿ ಶುರುವಾದದ್ದು ಎಣ್ಣೆ ಗಾಣದ ಹಿಂದಿನ ಖೋಲಿಯಲ್ಲಿ. ಗೋಡೆಗಳಿಗೆ ಹಳೆ ಬಟ್ಟೆಯ ಕೌದಿ ಹೊಡೆದು ಅದನ್ನೇ ಸ್ಟುಡಿಯೋ ಎಂದರು. ಅದರ ದನಿ ಎರಡನೇ ಗುಡ್ಡ ದಾಟುತ್ತಿರಲಿಲ್ಲ, ಜಂಬ ಮಾತ್ರ ದಿಲ್ಲಿಯವರೆಗೆ. ಗುರುವಾರ ಸಂಜೆ ಫಕೀರವ್ವ ಎಂಬಾಕೆ ಹೊಲದ ಕೆಲಸ ಮುಗಿಸಿ ಬಂದು, ಬೀಸುಕಲ್ಲಿನ ಮುಂದೆ ಹೆಂಗಸರು ಹೇಳುವ ಬೀಸುವ ಪದ ಹಾಡುತ್ತಿದ್ದಳು. ಅದಕ್ಕೆ ಮೊದಲು ನಿರೂಪಕ ದ್ಯಾಮಣ್ಣ, ಪದ ಬೇಕೆಂದು ಹೇಳಿಕಳಿಸಿದವರ ಹೆಸರು ಓದುತ್ತಿದ್ದ: ಗಂಡ, ಹೆಂಡತಿ, ಮಕ್ಕಳು, ನಿನ್ನೆ ಹುಟ್ಟಿದ ಕೂಸು, ಒಮ್ಮೆ ಒಂದು ಎತ್ತು.

ಟೇಪು ಕಡಿಮೆಯಿತ್ತು. ಹಳೆಯದನ್ನು ಅಳಿಸಿಯೇ ಹೊಸದನ್ನು ತುಂಬಬೇಕು. ಆದರೆ ಬದುಕಿರುವವರ ಹೆಸರು ಅಳಿಸುವುದು ಅಪಶಕುನವೆಂದು ನೀವು ನಂಬಿದ್ದಿರಿ. ಮೈಕು ಆರಿಸಲು ಮರೆತ ಒಂದು ದಿನ ದ್ಯಾಮಣ್ಣ ಆಡಿದ ಮಾತು ಹಾಗೇ ಉಳಿದಿದೆ:

"ಹೆಸರ ಅಳಸಬ್ಯಾಡ್ರಿಪಾ, ಚಲೋ ಅಲ್ಲ. ಪದ ಬೇಕಾದ್ರ ಅಳಸ್ರಿ. ಫಕೀರವ್ವ ಎಲ್ಲಿ ಹೊಕ್ಕಾಳ? ಬರೂ ವಾರ ಮತ್ತ ಹಾಡ್ತಾಳ."

ಹೀಗೆ ಪ್ರತಿ ಪದದ ಜಾಗದಲ್ಲೂ ಮುಂದಿನ ವಾರದ ಹೆಸರುಗಳು ಬಂದು ಕೂತವು. ಎತ್ತಿನ ಹೆಸರು ಕೂಡ ಉಳಿದಿದೆ. ಪದ ಒಂದೂ ಉಳಿದಿಲ್ಲ. ಒಂದು ಟೇಪಿನಲ್ಲಿ ಮಾತ್ರ ಫಕೀರವ್ವ ಗಂಟಲು ಸರಿಮಾಡಿಕೊಳ್ಳುತ್ತಾಳೆ, ಬಳೆ ಸದ್ದಾಗುತ್ತದೆ, ಅಷ್ಟರಲ್ಲಿ ಇನ್ನೊಂದು ವಾರ ಶುರುವಾಗುತ್ತದೆ. ಅದನ್ನು ಕೇಳಿದಾಗಲೆಲ್ಲ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡಿರಿ, ಅಲ್ಲವೇ? ಆಮೇಲೆ ಅಳುವೂ ಬರುತ್ತದೆ. ಅವಳು ಸಾಯಬಹುದೆಂದು ಯೋಚಿಸಲಾರದಷ್ಟು ಹತ್ತಿರದಲ್ಲಿ ನೀವೆಲ್ಲ ಇದ್ದಿರಿ.

ಇತ್ತೀಚೆಗೆ "ಈಗ ಕೇಳ್ರಿ" ಎಂದು ಹೆಸರು ಓದಿ ಮುಗಿಸಿದ ದ್ಯಾಮಣ್ಣ ಅನ್ನುತ್ತಲೇ ಟೇಪು ನಿಲ್ಲಿಸಿ, ಒಳಗಿವಿ ತೆಗೆದಿಟ್ಟು, ನಾನೇ ಹಾಡುತ್ತೇನೆ. ಧಾಟಿ ಗೊತ್ತಿಲ್ಲ, ಮಾತು ಗೊತ್ತಿಲ್ಲ, ಬಾಯಿಗೆ ಬಂದದ್ದು.

ನಿಮ್ಮಲ್ಲಿ ಯಾರಿಗಾದರೂ ಒಂದು ಬೀಸುವ ಪದ ಬರುತ್ತಿದ್ದರೆ, ದನಿ ಒಡೆದಿದ್ದರೂ ಚಿಂತೆಯಿಲ್ಲ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹಾಡಿ, ಅಳಿಸದೆ ಇಡಿ. ನಾನು ತಪ್ಪಾಗಿಯೇ ಹಾಡುತ್ತಿರಬೇಕು. ಹಾಗಲ್ಲ ಎಂದು ಹೇಳುವವರು ಇಲ್ಲಿ ಒಬ್ಬರೂ ಇಲ್ಲ.

ಆರೂಢಿ