ಬೀರಪ್ಪನ ಕೈಯ ಮಾತ್ರೆ

ಸಿಂಗಟಗೆರೆ

ಕಡೂರಿನ ಮಾನಸಿಕ ರೋಗದ ಡಾಕ್ಟ್ರು ಮೇಡಂ ಅವರಿಗೆ, ಈರಕ್ಕನ ಮಗ ತಿಮ್ಮೇಶ ಮಾಡೋ ನಮಸ್ಕಾರ.

ಅವ್ವ ಈಗ ಚೆನ್ನಾಗಿ ನಿದ್ದೆ ಮಾಡ್ತಾಳೆ. ಗೋಡೆ ಜೊತೆ ಮಾತಾಡೋದು ನಿಂತೈತೆ. ನಿಮ್ಮ ಮಾತ್ರೆನ ಮೊದಲು ಉಗುಳ್ತಿದ್ದಳು. ಒಂದಿನ ನಾನು ಜ್ವರದಲ್ಲಿ ಕಂಬಳಿ ಹೊದ್ದು ನಡುಗ್ತಾ, 'ನುಂಗೇ ಈರಿ' ಅಂತ ಹೆಸರು ಹಿಡಿದು ಬೈದೆ. ನನ್ನ ಮೈಮೇಲೆ ಬೀರಪ್ಪ ದೇವರು ಬಂದವ್ನೆ ಅಂದ್ಕೊಂಡು ಕೈಮುಗಿದು ನುಂಗಿದಳು. ನೀವು ಕೇಳಿ ನಕ್ಕು, 'ಯಾರ ಕೈಲಾದ್ರೂ ನುಂಗ್ಲಿ ಬಿಡಪ್ಪಾ' ಅಂದ್ರಿ.

ಆವತ್ತಿಂದ ದಿನಾ ಸಾಯಂಕಾಲ ಕಂಬಳಿ ಹೊದ್ದು, ಹಣೆಗೆ ದೇವರ ಭಂಡಾರದ ಅರಿಶಿನ ಬಳ್ಕೊಂಡು ನಡುಗ್ತಿದ್ದೀನಿ. ಈಗ ಪಂಚನಹಳ್ಳಿಯಿಂದೆಲ್ಲ ಜನ ಬಂದು, 'ಬೋರ್ ಎಲ್ಲಿ ಕೊರೆಸ್ಲಿ ಸ್ವಾಮಿ' ಅಂತ ಕಾಲಿಗೆ ಬೀಳ್ತಾರೆ. ಅಜ್ಜಂಪುರದಲ್ಲಿ ಜೆಸಿಬಿ ಓಡಿಸಕ್ಕೆ ಕರೆದವ್ರೆ, ಹೋಗಂಗಿಲ್ಲ. ನಿಜ ಹೇಳಿದ್ರೆ ಅವ್ವ ಮತ್ತೆ ಉಗುಳ್ತಾಳೆ. ಅವಳೂ ನನ್ನ ದೇವರು ಅಂತ್ಲೇ ತಿಳ್ಕೊಂಡು, ಮುದ್ದೆ ಇಕ್ಕಿ ದೂರ ನಿಂತ್ಕೋತಾಳೆ. ತಲೆಗೆ ಎಣ್ಣೆ ಹಚ್ಚು ಅಂದ್ರೆ ಮುಟ್ಟಲ್ಲ.

ತಿಂಗಳಿಗೊಂದು ಇಂಜೆಕ್ಷನ್ ಕೊಟ್ರೆ ದಿನಾ ಮಾತ್ರೆ ಬೇಕಾಗಲ್ಲ ಅಂತ ಸಿಸ್ಟರ್ ಹೇಳಿದ್ರು. ಆಗೋದಾದ್ರೆ ಅದನ್ನೇ ಬರೀರಿ ಮೇಡಂ. ಸೋಮವಾರ ಅವ್ವನ್ನ ಕರ್ಕೊಂಡು ಬತ್ತೀನಿ. ಚುಚ್ಚೋ ಮೊದಲು ನೀವೇ ಅವಳ ಹಣೆಗೆ ಒಂದು ಚಿಟಿಕೆ ಭಂಡಾರ ಇಟ್ಟು, ಬೀರಪ್ಪ ನಿನ್ನ ಮಗನ್ನ ಬಿಟ್ಟು ಇನ್ಮೇಲೆ ಈ ಆಸ್ಪತ್ರೆಲೇ ಇರ್ತಾನೆ ಅಂತ ಹೇಳಿ. ಭಂಡಾರ ನಾನೇ ತರ್ತೀನಿ.

ಅವಳು ನಂಬಿದ್ರೆ, ವಾಪಸ್ ಹೋಗೋವಾಗ ಬಸ್ಸಲ್ಲಿ 'ಲೇ ತಿಮ್ಮಾ, ಕಿಟಕಿ ಹಾಕೋ' ಅಂತ ಬೈತಾಳೇನೋ.

ಇಂತಿ,
ಈರಕ್ಕನ ಮಗ
ತಿಮ್ಮೇಶ