ಮಿಲ್ಲಿನ ದನಿ

ಇವಳೇ,

ನೀನು ಹೋಗಿ ಎರಡು ವರ್ಷವಾದ ಮೇಲೆ, ಇವತ್ತು ಬೆಳಿಗ್ಗೆ ಕಿವಿಗೆ ಯಂತ್ರ ಹಾಕಿಸಿಕೊಂಡೆ. ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳ ನಡುವೆ ಮೂವತ್ತೊಂದು ವರ್ಷ ನಿಂತು ಕಿವಿ ಹೋಗಿದೆ ಎಂದು ಡಾಕ್ಟರು ಹೇಳಿದರು. ನೀನು ಇದನ್ನೇ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ.

ಮನೆಗೆ ಬಂದು ಕುರ್ಚಿಯಲ್ಲಿ ಕೂತೆ. ಫ್ಯಾನು ಪ್ರತಿ ಸುತ್ತಿಗೂ ಒಮ್ಮೆ ಕಿರ್ ಎನ್ನುತ್ತದೆ. ಫ್ರಿಜ್ಜು ತನ್ನಷ್ಟಕ್ಕೆ ಗೊಣಗುತ್ತದೆ. ಮಗಳು ಗುಡಿಸುವಾಗ ಪೊರಕೆಗೂ ಒಂದು ಸದ್ದಿದೆ. ಎಲ್ಲವನ್ನೂ ಒಟ್ಟಿಗೆ ಕೇಳಿ ಸುಸ್ತಾಯಿತು. ಬಾಯಾರಿತು.

"ನೀರು ಕೊಡಮ್ಮ" ಎಂದೆ. ಯಾರೋ ಜಗಳಕ್ಕೆ ನಿಂತಂತೆ ಕೇಳಿಸಿತು. ಬೆಚ್ಚಿ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

"ಯಾರು ಕೂಗಿದ್ದು?"

ಮಗಳು ನಕ್ಕಳು. "ನೀವೇ ಅಪ್ಪ. ಮಿಲ್ಲು ಮುಚ್ಚಿ ಆರು ವರ್ಷ ಆಯ್ತು, ನಿಮ್ಮ ಗಂಟಲಿಗೆ ಮಾತ್ರ ಯಾರೂ ಇನ್ನೂ ತಿಳಿಸಿಲ್ಲ."

"ಯಾವಾಗಲೂ ಹೀಗೇನಾ?"

"ಇವತ್ತು ಸ್ವಲ್ಪ ಕಮ್ಮೀನೇ."

ನೀನು "ಯಾಕ್ರೀ ಬೈತೀರಿ?" ಎಂದಾಗಲೆಲ್ಲ, "ನಾನೆಲ್ಲಿ ಬೈದೆ?" ಎಂದು ವಾದಕ್ಕಿಳಿಯುತ್ತಿದ್ದೆ. ನಾನು ನಿಜಕ್ಕೂ ಬೈದಿರಲಿಲ್ಲ.

ಆಸ್ಪತ್ರೆಯಲ್ಲಿ ಆ ಕೊನೆಯ ಸಂಜೆ, ನಿನ್ನ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವನಂತೆ "ಹೆದರಬೇಡ, ನಾನಿದ್ದೀನಿ" ಎಂದೆ. ನೀನು ಕಣ್ಣು ಮುಚ್ಚಿಕೊಂಡೆ. ನೆಮ್ಮದಿಯಾಗಿರಬೇಕು ಅಂದುಕೊಂಡೆ. ವಾರ್ಡಿನ ಆಚೆ ಕೊನೆಯಿಂದ ನರ್ಸು ಓಡಿ ಬಂದು ನನ್ನ ತೋಳು ಹಿಡಿದಳು. ಯಾಕೆಂದು ಆಗ ಗೊತ್ತಾಗಲಿಲ್ಲ.